ಮರಿಯ ಬಣ್ಣ ನೋಡಿ ಹುಂಜ, ಹ್ಯಾಟೆ ಹೇಳಬಹುದೇ?

“ಡಾಕ್ಟ್ರೇ, ಇದರಲ್ಲಿ ಹುಂಜ ಎಷ್ಟು, ಹ್ಯಾಟೆ ಎಷ್ಟು?” ಹಿತ್ತಲಲ್ಲಿ ಕೋಳಿ ಸಾಕುವವರು ಕೇಳುವ ಮೊದಲ ಪ್ರಶ್ನೆಯೇ ಇದು. ಕೆಂಪಗಿರೋದು ಹುಂಜ, ಮಣ್ಣು ಬಣ್ಣದ್ದು ಹ್ಯಾಟೆ ಅಂತ ಅವರೇ ಒಂದು ಲೆಕ್ಕ ಹಾಕಿರುತ್ತಾರೆ. ನಾಟಿ ಮರಿಗಳಲ್ಲಿ ಆ ಲೆಕ್ಕ ನಿಲ್ಲೋದಿಲ್ಲ. ಊರ ಕೋಳಿಯಲ್ಲಿ ಹತ್ತಾರು ಕಡೆಯ ರಕ್ತ ಬೆರೆತಿರುತ್ತದೆ. ಒಂದೇ ಕಾವಿನಲ್ಲಿ ಕಪ್ಪು, ಕೆಂಚು, ಹಳದಿ, ಬೆನ್ನ ಮೇಲೆ ಅಳಿಲಿನ ಪಟ್ಟೆ ಇರುವವು, ಎಲ್ಲವೂ ಬರುತ್ತವೆ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಬೆಳೆಸಿದ ಗಿರಿರಾಜ ತಳಿಯಲ್ಲೂ ಬಣ್ಣ ಹಲವು. ಚೂಪು ಮೊಟ್ಟೆಯಲ್ಲಿ ಹುಂಜ, ದುಂಡು ಮೊಟ್ಟೆಯಲ್ಲಿ ಹ್ಯಾಟೆ ಅನ್ನೋದಕ್ಕೂ ಆಧಾರವಿಲ್ಲ.

ಆದರೆ ಕೆಲವು ಜೋಡಿಗಳ ಮರಿಗಳಲ್ಲಿ ಮೊದಲ ದಿನವೇ ಗೊತ್ತಾಗುತ್ತದೆ. ಅಂಥ ಒಂದು ಜೋಡಿಯನ್ನು ಯಾರು ಬೇಕಾದರೂ ಮನೆಯಲ್ಲೇ ಮಾಡಬಹುದು. ಮೈತುಂಬ ಕಪ್ಪು ಬಿಳಿ ಅಡ್ಡಪಟ್ಟೆ ಇರುವ ಹೆಣ್ಣು ಕೋಳಿಗೆ ಪಟ್ಟೆಯಿಲ್ಲದ ಅಪ್ಪಟ ಕಪ್ಪು ಹುಂಜ ಬಿಡಿ. ಮರಿ ಒಡೆದು ಮೈ ಒಣಗಿದ ಮೇಲೆ ನೆತ್ತಿ ನೋಡಿ. ಕಪ್ಪು ಮರಿಯ ನೆತ್ತಿಯಲ್ಲಿ ಬಿಳಿ ಮಚ್ಚೆ ಇದ್ದರೆ ಹುಂಜ, ಮಚ್ಚೆ ಇಲ್ಲದಿದ್ದರೆ ಹ್ಯಾಟೆ. ಮುಂದೆ ಆ ಹುಂಜಗಳಿಗೆ ಪಟ್ಟೆ ಬರುತ್ತದೆ, ಹ್ಯಾಟೆಗಳಿಗೆ ಬರೋದಿಲ್ಲ.

ಕಾರಣ ಸರಳ. ಪಟ್ಟೆ ತರುವ ಜೀನ್ ಇರೋದು ಗಂಡು ಹೆಣ್ಣು ತೀರ್ಮಾನಿಸುವ ಝಡ್ ಕ್ರೋಮೋಸೋಮಿನಲ್ಲಿ. ಹುಂಜಕ್ಕೆ ಝಡ್ ಎರಡು, ಹೆಣ್ಣಿಗೆ ಒಂದೇ. ತಾಯಿ ತನ್ನ ಆ ಒಂದು ಝಡ್ಡನ್ನು ಗಂಡು ಮರಿಗೆ ಮಾತ್ರ ಕೊಡುತ್ತಾಳೆ. ಹೆಣ್ಣು ಮರಿಗೆ ಸಿಗೋದು ಅಪ್ಪನ ಝಡ್. ಹಾಗಾಗಿ ಜೋಡಿ ತಿರುವುಮುರುವಾದರೆ, ಅಂದರೆ ಪಟ್ಟೆ ಹುಂಜ, ಕಪ್ಪು ಹೆಣ್ಣು ಆದರೆ, ಅಪ್ಪನ ಪಟ್ಟೆ ಜೀನ್ ಗಂಡು ಹೆಣ್ಣು ಎರಡೂ ಮರಿಗೆ ಹೋಗೋದರಿಂದ ಇದು ಉಪಯೋಗಕ್ಕೆ ಬರೋದಿಲ್ಲ. ಇನ್ನೊಂದು ಎಚ್ಚರಿಕೆ: ಒಮ್ಮೆ ಹುಂಜ ಸೇರಿದ ಮೇಲೆ ಎರಡು ವಾರಕ್ಕೂ ಜಾಸ್ತಿ ಫಲಿತ ಮೊಟ್ಟೆ ಬರುತ್ತಿರುತ್ತವೆ. ಪಕ್ಕದ ಮನೆಯ ಹುಂಜ ಬಂದು ಹೋಗಿದ್ದರೆ ಮೂರು ವಾರ ಬಿಟ್ಟು ಮೊಟ್ಟೆ ಕೂಡಿಡಿ.

ಸಂತೆಯಲ್ಲಿ ಗುಲಾಬಿ, ಹಸಿರು ಬಣ್ಣ ಹಚ್ಚಿ ಮಾರುವ ಮರಿಗಳ ಬಗ್ಗೆ ಹೇಳಲೇಬೇಕು. ಮೊಟ್ಟೆ ಕೋಳಿಯ ಹ್ಯಾಚರಿಗಳಿಗೆ ಗಂಡು ಮರಿ ಬೇಡ. ಬೇರ್ಪಡಿಸಿದ ಆ ಮರಿಗಳೇ ಬಹುಪಾಲು ಹೀಗೆ ಬರುತ್ತವೆ. ಹೊಸ ಗರಿ ಮೂಡಿದ ಹಾಗೆ ಬಣ್ಣ ಹೋಗುತ್ತದೆ. ಮೊಟ್ಟೆಯ ಆಸೆಗೆ ಇವನ್ನು ತರಬೇಡಿ. ಮಕ್ಕಳು ಆಸೆಪಟ್ಟು ತಂದ ಮರಿ ಬೆಚ್ಚಗಿನ ಜಾಗ ಸಿಗದೆ ಎರಡೇ ದಿನಕ್ಕೆ ಸಾಯೋದನ್ನು ನೋಡಿದರೆ ಸಂಕಟವಾಗುತ್ತದೆ.

ಉಳಿದ ಮರಿಗಳಿಗೆ ಕಾಯಲೇಬೇಕು. ಐದಾರು ವಾರಕ್ಕೆ ಹುಂಜದ ಜುಟ್ಟು ಕೆಂಪಾಗತೊಡಗುತ್ತದೆ, ಕಾಲು ದಪ್ಪ ಕಾಣುತ್ತದೆ. ಕಾಳಗದ ಕೋಳಿ ಅಸೀಲ್ ತಳಿಯ ರಕ್ತ ಇದ್ದರೆ ಜುಟ್ಟೇ ಚಿಕ್ಕದು, ಅದನ್ನು ನಂಬಬೇಡಿ. ಮೈಯೆಲ್ಲ ಕಪ್ಪಿರುವ ಕಡಕ್‌ನಾಥ್‌ ತಳಿಯಲ್ಲಿ ಜುಟ್ಟೂ ಕಪ್ಪು.

ನಾನು ನಂಬೋದು ಹತ್ತು ಹನ್ನೆರಡು ವಾರದ ಗರಿಯನ್ನು. ಕೋಳಿಯನ್ನು ಕಂಕುಳಲ್ಲಿ ಹಿಡಿದು, ಬಾಲ ಶುರುವಾಗುವ ಮುಂಚಿನ ಬೆನ್ನಿನ ಗರಿಯನ್ನು ಬೆರಳಲ್ಲಿ ಬಿಡಿಸಿ ನೋಡಿ. ತುದಿ ಚೂಪಾಗಿ, ಸಣ್ಣಗೆ, ಹೊಳೆಯುತ್ತಿದ್ದರೆ ಹುಂಜ. ದುಂಡಗೆ, ಅಗಲವಾಗಿದ್ದರೆ ಹ್ಯಾಟೆ. ಬಣ್ಣ ಯಾವುದೇ ಇರಲಿ, ನಾಟಿ ಕೋಳಿಯಲ್ಲಿ ಈ ಗುರುತು ತಪ್ಪೋದು ತೀರಾ ಅಪರೂಪ. ಗರಿ ದುಂಡಗಾಗೋದು ಹೆಣ್ಣಿನ ಅಂಡಾಶಯದಿಂದ ಬರುವ ಹಾರ್ಮೋನಿನಿಂದ. ಆ ಅಂಡಾಶಯ ಕೆಟ್ಟರೆ ವಯಸ್ಸಾದ ಹೆಣ್ಣಿಗೂ ಹುಂಜದ ಗರಿ ಬರುತ್ತದೆ, ಕೆಲವು ಕೂಗಲೂ ಶುರು ಮಾಡುತ್ತವೆ. ಅದು ಮನೆಗೆ ಅಪಶಕುನ ಅಲ್ಲ, ಕೋಳಿಯ ಕಾಯಿಲೆ ಅಷ್ಟೇ.

ಗುರುತು ಸಿಕ್ಕ ಮೇಲೆ ಹತ್ತು ಹ್ಯಾಟೆಗೆ ಒಂದು ಹುಂಜ ಇಟ್ಟುಕೊಳ್ಳಿ. ಉಳಿದ ಹುಂಜಗಳನ್ನು ಜಗಳ ಶುರುವಾಗುವ ಮುಂಚೆಯೇ ಬೇರೆ ಮಾಡಿ.