ಸುಂಕ: ಎಲ್ಲ ತೆರಿಗೆಗೂ ಅಂಟಿಸುವ ಹೆಸರಲ್ಲ

ಮೊನ್ನೆ ಮತ್ತೆ ಅದೇ ಮಾತು ಕಣ್ಣಿಗೆ ಬಿತ್ತು. ಬ್ರೆಜಿಲ್ ಸರ್ಕಾರ 2019ರಲ್ಲಿ ವಿಡಿಯೋ ಗೇಮ್ ಆಡುವ ಯಂತ್ರಗಳ, ಅಂದರೆ ಕನ್ಸೋಲ್‌ಗಳ ಆಮದು ಸುಂಕವನ್ನು ಶೇ 50ರಿಂದ 40ಕ್ಕೆ ಇಳಿಸಿತಂತೆ, ಅದಕ್ಕೇ ದೇಶ ಬಿಟ್ಟು ಹೋಗಿದ್ದ ಜಪಾನಿನ ಗೇಮ್ ಕಂಪನಿ ನಿಂಟೆಂಡೊ ವಾಪಸ್ ಬಂತಂತೆ. ವರ್ಷ ಸರಿ, ಅಂಕಿ ಸರಿ, ಇಳಿಸಿದ್ದೂ ನಿಜ. ಆದರೆ ಇಳಿಸಿದ್ದು ಆಮದು ಸುಂಕವನ್ನಲ್ಲ. ಅದು ಐಪಿಐ ಅನ್ನೋ ಬೇರೆಯೇ ತೆರಿಗೆ. ಎಷ್ಟು ಕಡೆ ಓದಿದರೂ ಇದೇ ತಪ್ಪು, ಹಾಗಾಗಿ ಒಮ್ಮೆ ಬಿಡಿಸಿ ಬರೆದುಬಿಡೋಣ ಅಂತ ಕೂತಿದ್ದೇನೆ.

ಮೊದಲು ಪದ. ಸುಂಕ ಮತ್ತು ಶುಲ್ಕ ಹುಟ್ಟಿನಲ್ಲಿ ಒಂದೇ. ಸಂಸ್ಕೃತದ ಶುಲ್ಕ ಪ್ರಾಕೃತದಲ್ಲಿ ಸುಂಕ ಆಯಿತು, ಅಲ್ಲಿಂದ ಕನ್ನಡಕ್ಕೆ ಬಂದು ಇಲ್ಲಿಯದೇ ಪದ ಅನ್ನಿಸುವಷ್ಟು ಒಗ್ಗಿಹೋಯಿತು. ಮುಂದೆ ಶುಲ್ಕವೂ ಬೇರೆ ದಾರಿಯಲ್ಲಿ ಬಂದು ಸೇರಿಕೊಂಡಿತು. ಈಗ ಇಬ್ಬರಿಗೂ ಬೇರೆ ಬೇರೆ ಕೆಲಸ. ಶಾಲೆಗೆ, ಪ್ರವೇಶಕ್ಕೆ, ಪರೀಕ್ಷೆಗೆ ಕಟ್ಟೋದು ಶುಲ್ಕ. ಸರಕು ಗಡಿ ದಾಟುವಾಗ ಕಟ್ಟೋದು ಸುಂಕ. ಹಳಗನ್ನಡ ಶಾಸನಗಳಲ್ಲಿ ಪೆರ್ಜುಂಕ ಅನ್ನೋ ಮಾತು ಮತ್ತೆ ಮತ್ತೆ ಸಿಗುತ್ತದೆ. ಪೆರ್ ಅಂದರೆ ಹಿರಿದು, ಜೊತೆಗೆ ಸುಂಕ; ಎರಡೂ ಸೇರುವಾಗ ಸಕಾರ ಜಕಾರವಾಗಿದೆ. ಅಂದರೆ ದೊಡ್ಡ ಸುಂಕ. ಅದನ್ನು ವಸೂಲಿ ಮಾಡಲು ಅಧಿಕಾರಿಗಳಿದ್ದರು, ದಾರಿಯಲ್ಲಿ ಸುಂಕದ ಕಟ್ಟೆ ಇರುತ್ತಿತ್ತು. ಸರಕು ಹೇರಿದ ಎತ್ತು ಅಲ್ಲಿ ನಿಲ್ಲಬೇಕಿತ್ತು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಅನ್ನೋ ಗಾದೆ ಹುಟ್ಟಿದ್ದೂ ಆ ಕಟ್ಟೆಯ ಮುಂದೆಯೇ. ಸುಂಕದವನಿಗೆ ನಿಮ್ಮ ಕಷ್ಟ ಬೇಕಿಲ್ಲ, ಮೂಟೆಯಲ್ಲಿ ಏನಿದೆ, ಎಷ್ಟಿದೆ ಅಷ್ಟೇ ಬೇಕು.

ತೆರಿಗೆ ಹಾಗಲ್ಲ. ಅದು ತೆರು ಅನ್ನೋ ಕನ್ನಡದ್ದೇ ಧಾತುವಿನಿಂದ ಬಂದದ್ದು. ಬೆಲೆ ತೆತ್ತ, ದಂಡ ತೆತ್ತ ಅಂತೀವಲ್ಲ, ಅದೇ ತೆರು. ಯಾವ ಕಾರಣಕ್ಕೆ, ಎಲ್ಲಿ ಅನ್ನೋದು ಆ ಪದದಲ್ಲಿ ಇಲ್ಲ. ಕೊಡಬೇಕಾದದ್ದು ಅನ್ನೋದಷ್ಟೇ ಇದೆ. ಹಾಗಾಗಿ ತೆರಿಗೆ ದೊಡ್ಡ ಚೀಲ, ಸುಂಕ ಅದರೊಳಗಿನ ಒಂದು ಗಂಟು. ಸುಂಕವನ್ನು ತೆರಿಗೆ ಅಂದರೆ ತಪ್ಪೇನಿಲ್ಲ. ತೆರಿಗೆಯನ್ನೆಲ್ಲ ಸುಂಕ ಅಂದರೆ ತಪ್ಪು.

ಗುರುತಿಸೋದು ಸುಲಭ. ಅದೇ ವಸ್ತು ದೇಶದೊಳಗೇ ತಯಾರಾಗಿದ್ದರೆ ಈ ಹಣ ಬೀಳುತ್ತಿತ್ತಾ ಅಂತ ಕೇಳಿಕೊಳ್ಳಿ. ಬೀಳುತ್ತಿತ್ತು ಅಂದರೆ ಅದು ಆಮದು ಸುಂಕವಲ್ಲ. ಗಡಿ ದಾಟಿದ್ದಕ್ಕೇ ಬಿದ್ದದ್ದು ಮಾತ್ರ ಆಮದು ಸುಂಕ.

ಬ್ರೆಜಿಲ್‌ನ ಐಪಿಐಗೆ ಈ ಪ್ರಶ್ನೆ ಹಾಕಿ. ಅದು ಕೈಗಾರಿಕಾ ಉತ್ಪನ್ನಗಳ ಮೇಲಿನ ತೆರಿಗೆ. ಸಾವೊ ಪಾಲೊದ ಕಾರ್ಖಾನೆಯಿಂದ ಹೊರಬಿದ್ದ ವಸ್ತುವಿಗೂ ಬೀಳುತ್ತದೆ, ಹಡಗಿನಿಂದ ಇಳಿದ ವಸ್ತುವಿಗೂ ಬೀಳುತ್ತದೆ. ಹೊರಗಿನ ವಸ್ತುವಿಗೆ ಬಂದರಿನಲ್ಲೇ ವಸೂಲಿ ಮಾಡುತ್ತಾರೆ, ಗೊಂದಲ ಆಗೋದು ಅಲ್ಲೇ. ವಸೂಲಿ ಆದ ಜಾಗ ನೋಡಿ ಜನ ಅದನ್ನೂ ಸುಂಕ ಅನ್ನುತ್ತಾರೆ. ಇದರ ಮೇಲೆ ಐಸಿಎಂಎಸ್ ಅಂತ ರಾಜ್ಯಗಳ ತೆರಿಗೆ ಬೇರೆ, ಅದೂ ಒಳಗಿನದಕ್ಕೂ ಹೊರಗಿನದಕ್ಕೂ ಒಂದೇ ರೀತಿ ಬೀಳುತ್ತದೆ.

ಒಂದು ಲೆಕ್ಕ ಹಾಕಿ ನೋಡೋಣ. ಬಂದರಿಗೆ ಬಂದಾಗ ಒಂದು ಕನ್ಸೋಲ್‌ನ ಬೆಲೆ 100 ರಿಯಲ್ (ಬ್ರೆಜಿಲ್ ದೇಶದ ಹಣ) ಅಂತಿಟ್ಟುಕೊಳ್ಳಿ. ಆಮದು ಸುಂಕ ಶೇ 20 ಅಂತಿಟ್ಟುಕೊಳ್ಳಿ. 120 ಆಯಿತು. ಈಗ ಐಪಿಐ, 2019ಕ್ಕೆ ಮುಂಚಿನ ಶೇ 50ರ ದರದಲ್ಲಿ. ಅದನ್ನು 100ರ ಮೇಲೆ ಹಾಕಲ್ಲ, ಸುಂಕ ಸೇರಿದ 120ರ ಮೇಲೆ ಹಾಕುತ್ತಾರೆ. ಅಂದರೆ 60. ಈಗ 180. ಇನ್ನು ಶೇ 18ರ ಐಸಿಎಂಎಸ್. 180ರ ಶೇ 18 ಅಂದುಕೊಂಡಿರಾ? ಇಲ್ಲ. ಆ ತೆರಿಗೆಯನ್ನು ತನ್ನನ್ನೂ ಸೇರಿಸಿಕೊಂಡ ಬೆಲೆಯ ಮೇಲೆ ಲೆಕ್ಕ ಹಾಕುತ್ತಾರೆ. ಕೊನೆಯ ಮೊತ್ತದಲ್ಲಿ ಅದರ ಪಾಲು ಶೇ 18 ಇರಬೇಕು, ಹಾಗಾಗಿ 180ನ್ನು 0.82ರಿಂದ ಭಾಗಿಸಬೇಕು. ಸುಮಾರು 219.50. ಹೆಸರಿಗೆ ಶೇ 18, ನಿಜಕ್ಕೆ ಹತ್ತಿರ ಹತ್ತಿರ ಶೇ 22. ಬೇರೆ ಸಣ್ಣಪುಟ್ಟ ತೆರಿಗೆಗಳನ್ನು, ಅಂಗಡಿಯವರ ಲಾಭವನ್ನು ನಾನು ಸೇರಿಸಿಯೇ ಇಲ್ಲ.

ಈಗ ನೋಡಿ. 100ರ ಮೇಲೆ ಬಿದ್ದ ಸುಮಾರು 120 ರಿಯಲ್‌ನಲ್ಲಿ ಸುಂಕ ಎಷ್ಟು? ಇಪ್ಪತ್ತು. ಆರರಲ್ಲಿ ಒಂದು ಪಾಲು. ಸುಂಕ ಹೆಚ್ಚಿದಾಗ ಅದರ ಮೇಲೆ ಕೂತ ಉಳಿದ ತೆರಿಗೆಗಳೂ ಹೆಚ್ಚುತ್ತವೆ, ಅದು ನಿಜ. ಆದರೂ ಈ 120ನ್ನೆಲ್ಲ ಸುಂಕ ಅಂತ ಕರೆದರೆ ಯಾವುದನ್ನು ಇಳಿಸಿದರೆ ಎಷ್ಟು ಇಳಿಯುತ್ತದೆ ಅನ್ನೋದೇ ಗೊತ್ತಾಗಲ್ಲ. ಮೂರು ತೆರಿಗೆ, ಮೂರು ಕಾನೂನು. ಒಂದೇ ಹೆಸರು ಹಾಕಿದ ಕೂಡಲೇ ಮೂರೂ ಮಾಯ.

ಸೋನಿ ಕಂಪನಿಯ ಕನ್ಸೋಲ್ ಪ್ಲೇಸ್ಟೇಷನ್ 4ರ 2013ರ ಕಥೆ ಬಹಳ ಜನಕ್ಕೆ ನೆನಪಿದೆ. ಅಮೆರಿಕದಲ್ಲಿ 399 ಡಾಲರ್, ಬ್ರೆಜಿಲ್‌ನಲ್ಲಿ 3,999 ರಿಯಲ್. ಆಗಿನ ದರದಲ್ಲಿ ಅದು ಸುಮಾರು 1,800 ಡಾಲರ್. ಜನ ಸಿಟ್ಟಾದರು, ಬೆಲೆಯ ಅರ್ಧಕ್ಕಿಂತ ಜಾಸ್ತಿ ತೆರಿಗೆಗಳದ್ದೇ ಅಂತ ಸೋನಿ ವಿವರಣೆ ಕೊಟ್ಟಿತು. ತೆರಿಗೆಗಳು, ಬಹುವಚನ. ಸುದ್ದಿ ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ ಹೋಗುವಷ್ಟರಲ್ಲಿ ಅದು ಆಮದು ಸುಂಕ ಅಂತ ಏಕವಚನ ಆಗಿಬಿಟ್ಟಿತು. 2015ರ ಅಕ್ಟೋಬರ್‌ನಲ್ಲಿ ಅದೇ ಯಂತ್ರ ಬ್ರೆಜಿಲ್‌ನಲ್ಲೇ ತಯಾರಾಗಿ 2,599 ರಿಯಲ್‌ಗೆ ಬಂತು. ಅದಕ್ಕೂ ಮುಂಚೆ, 2011ರಲ್ಲಿ, ಮೈಕ್ರೋಸಾಫ್ಟ್ ಎಕ್ಸ್‌ಬಾಕ್ಸ್ 360 ಕನ್ಸೋಲನ್ನು ಬ್ರೆಜಿಲ್ ದೇಶದ್ದೇ ಊರಾದ ಮನೌಸ್‌ನಲ್ಲಿ ಜೋಡಿಸಲು ಶುರು ಮಾಡಿ ಬೆಲೆಯನ್ನು 799 ರಿಯಲ್‌ಗೆ ಇಳಿಸಿತ್ತು.

ಮನೌಸ್ ಅಂದಾಗ ಒಂದು ತೊಡಕಿದೆ, ಅದನ್ನು ಮುಚ್ಚಿಡಬಾರದು. ಅಮೆಜಾನ್ ಕಾಡಿನ ನಡುವೆ ಇರುವ ಈ ಊರಿಗೆ 1967ರಿಂದ ವಿಶೇಷ ರಿಯಾಯ್ತಿ ಇದೆ. ಅಲ್ಲಿ ಜೋಡಿಸಿದರೆ ಬಿಡಿಭಾಗಗಳ ಆಮದು ಸುಂಕದಲ್ಲಿ ದೊಡ್ಡ ಕಡಿತ, ಐಪಿಐ ಮಾಫಿ. ಎರಡೂ ಒಟ್ಟಿಗೇ ಇಳಿಯೋದರಿಂದ ಎರಡೂ ಒಂದೇ ಅನ್ನಿಸುತ್ತದೆ. ಒಂದೇ ಅಲ್ಲ. ಒಂದು ಗಡಿ ದಾಟಿ ಬಂದ ಬಿಡಿಭಾಗಗಳ ಮೇಲಿನ ಸುಂಕ, ಇನ್ನೊಂದು ಅಲ್ಲಿ ತಯಾರಾದ ವಸ್ತುವಿನ ಮೇಲಿನ ತೆರಿಗೆ.

ಇನ್ನು ನಿಂಟೆಂಡೊ. 2015ರ ಜನವರಿಯಲ್ಲಿ ಅದು ಬ್ರೆಜಿಲ್‌ನಲ್ಲಿ ತನ್ನ ವಸ್ತುಗಳ ವಿತರಣೆ ನಿಲ್ಲಿಸಿತು. ಕೊಟ್ಟ ಕಾರಣದಲ್ಲಿ ಎರಡು ಭಾಗ ಇದ್ದವು: ಆಮದು ಸುಂಕ ಜಾಸ್ತಿ, ಮತ್ತು ಅಲ್ಲೇ ತಯಾರಿಸುವ ಕೆಲಸಕ್ಕೆ ಕೈಹಾಕದಿರಲು ನಾವು ತೀರ್ಮಾನಿಸಿದ್ದೇವೆ. ಎಲ್ಲರೂ ಮೊದಲನೆಯದನ್ನೇ ಹಿಡಿದುಕೊಂಡು ಎರಡನೆಯದನ್ನು ಬಿಟ್ಟುಬಿಡುತ್ತಾರೆ. ನನಗೆ ಎರಡನೆಯದೇ ಮುಖ್ಯ ಅನ್ನಿಸುತ್ತದೆ. ಸುಂಕ ಇರೋದೇ ಅದಕ್ಕಲ್ವಾ? ಹೊರಗಿಂದ ತರಬೇಡ, ಇಲ್ಲೇ ಮಾಡು ಅನ್ನೋದು ಅದರ ಒತ್ತಾಯ. ಒಪ್ಪಿದವರು ಕಾರ್ಖಾನೆ ಹುಡುಕುತ್ತಾರೆ, ಒಪ್ಪದವರು ಜಾಸ್ತಿ ಬೆಲೆಗೆ ಮಾರುತ್ತಾರೆ ಇಲ್ಲಾ ಹೊರಡುತ್ತಾರೆ. ಇದೇ ನಿಂಟೆಂಡೊ ಯಂತ್ರಗಳನ್ನು 1990ರ ದಶಕದಲ್ಲಿ ಪ್ಲೇಟ್ರಾನಿಕ್ ಅನ್ನೋ ಸ್ಥಳೀಯ ಕಂಪನಿ ಮನೌಸ್‌ನಲ್ಲಿ ಜೋಡಿಸುತ್ತಿತ್ತು. ಸೆಗಾ ಅನ್ನೋ ಇನ್ನೊಂದು ಜಪಾನಿ ಕಂಪನಿಯ ಯಂತ್ರಗಳನ್ನು ಟೆಕ್‌ಟಾಯ್ ಅನ್ನೋ ಬ್ರೆಜಿಲ್ ಕಂಪನಿ ಅಲ್ಲೇ ಮಾಡುತ್ತಿತ್ತು, ಸೆಗಾದ ಮಾಸ್ಟರ್ ಸಿಸ್ಟಮ್ ಬೇರೆ ದೇಶಗಳಲ್ಲಿ ಮರೆತುಹೋದ ಮೇಲೂ ಬ್ರೆಜಿಲ್‌ನಲ್ಲಿ ವರ್ಷಗಟ್ಟಲೆ ಮಾರಾಟವಾಗಿದ್ದು ಹಾಗೆ.

ದೇಶ ಬಿಟ್ಟಿತು ಅನ್ನೋದೂ ಸ್ವಲ್ಪ ಜಾಸ್ತಿಯಾದ ಮಾತು. ನಿಂತದ್ದು ಡಬ್ಬಿಯಲ್ಲಿ ಬರುವ ವಸ್ತುಗಳ ವಿತರಣೆ. ಹಾಗೆ ನೋಡಿದರೆ ಬಂದರಿನಲ್ಲಿ ಸುಂಕ ಕಟ್ಟೋದು ವಸ್ತು ತರಿಸಿಕೊಳ್ಳುವ ಆಮದುದಾರ, ಜಪಾನಿನಲ್ಲಿ ಕೂತ ತಯಾರಕನಲ್ಲ. ಸುಂಕ ಹಾಕಿದರೆ ಹೊರದೇಶದವರು ಕಟ್ಟುತ್ತಾರೆ ಅಂತ ನಂಬಿದವರು ಇನ್ನೂ ಇದ್ದಾರೆ. ಕಟ್ಟೆಯ ಮುಂದೆ ನಿಲ್ಲೋದು ಮೂಟೆ ಹೊತ್ತು ಬಂದವನು, ಅವನು ಅದನ್ನು ಬೆಲೆಗೆ ಸೇರಿಸುತ್ತಾನೆ, ಕೊನೆಗೆ ಅಂಗಡಿಯಲ್ಲಿ ಕೊಳ್ಳುವವರ ಕೈಯಿಂದ ಹೋಗುತ್ತದೆ.

ಮತ್ತೆ ಆ ಮೊದಲ ಸಾಲಿಗೆ ಬರೋಣ. ಐಪಿಐ 2019ರ ಆಗಸ್ಟ್‌ನಲ್ಲಿ ಶೇ 50ರಿಂದ 40ಕ್ಕೆ ಇಳಿಯಿತು. ನಿಂಟೆಂಡೊದ ಸ್ವಿಚ್ ಕನ್ಸೋಲ್ ಬ್ರೆಜಿಲ್‌ನಲ್ಲಿ ಅಧಿಕೃತವಾಗಿ ಮಾರಾಟಕ್ಕೆ ಬಂದದ್ದು 2020ರ ಸೆಪ್ಟೆಂಬರ್ 18ಕ್ಕೆ, 2,999 ರಿಯಲ್ ಬೆಲೆಗೆ, ಹೊರಗೇ ತಯಾರಾಗಿ. ಐಪಿಐ 30ಕ್ಕೆ ಇಳಿದದ್ದು ಅದರ ಮರುತಿಂಗಳು, 20ಕ್ಕೆ ಇಳಿದದ್ದು 2021ರಲ್ಲಿ. ಈ ಮೂರೂ ಇಳಿಕೆ ಐಪಿಐನದ್ದೇ. ಸ್ವಿಚ್ ಬಂದದ್ದು ಸುಂಕ ಕಟ್ಟಿಯೇ.