ಎಂಟನೇ ನಡೆಗೇ ರಾಣಿಗಳು ಹೋದರೂ ಕಾಸ್ಪರೋವ್ ಯಾಕೆ ಗೆಲ್ಲಲಿಲ್ಲ?

ಪ್ರಶ್ನೆ: 2000ರಲ್ಲಿ ಲಂಡನ್‌ನಲ್ಲಿ ನಡೆದ ಕಾಸ್ಪರೋವ್–ಕ್ರಾಮ್ನಿಕ್ ವಿಶ್ವ ಚೆಸ್ ಚಾಂಪಿಯನ್‌ಶಿಪ್ ಪಂದ್ಯದ ಮೊದಲ ಆಟ ನೋಡಿದೆ. ಕಾಸ್ಪರೋವ್ ಬಿಳಿ, ಕ್ರಾಮ್ನಿಕ್ ಕಪ್ಪು. ಕಪ್ಪು ರಾಜನಿಗೆ ಕ್ಯಾಸಲಿಂಗ್ (ರಾಜನನ್ನು ಮೂಲೆಯ ಕಡೆ ಭದ್ರ ಮಾಡುವ ನಡೆ) ಇಲ್ಲ, ಸಿ ಸಾಲಿನಲ್ಲಿ ಕಪ್ಪಿನ ಎರಡು ಪಾನ್ (ಕಾಲಾಳು) ಒಂದರ ಹಿಂದೆ ಒಂದು. ಆದರೂ 25 ನಡೆಗೆ ಡ್ರಾ. ಹೇಗೆ?

ಉತ್ತರ: ಈ ಅನುಮಾನ ಸುಮಾರು ಜನಕ್ಕೆ ಬರುತ್ತದೆ. ಬೋರ್ಡ್ ನೋಡಿದರೆ ಬಿಳಿಯೇ ಚೆನ್ನಾಗಿದೆ ಅನಿಸುತ್ತದಲ್ವಾ?

ರುಯ್ ಲೋಪೆಜ್ ಅನ್ನುವ ಆರಂಭದ ಆಟದಲ್ಲಿ ಮೂರನೇ ನಡೆಗೆ ಕಪ್ಪು ಕುದುರೆ ಎಫ್6ಕ್ಕೆ ಬಂದರೆ ಅದು ಬರ್ಲಿನ್ ಡಿಫೆನ್ಸ್. ಮುಂದೆ ಬಿಳಿಯ ಬಿಷಪ್, ಅಂದರೆ ನಮ್ಮ ಒಂಟೆ, ಸಿ6ರ ಕುದುರೆಯನ್ನು ಹೊಡೆದು ತಾನೂ ಸಾಯುತ್ತದೆ. ಎಂಟನೇ ನಡೆಗೆ ರಾಣಿಗಳೂ ಹೋಗುತ್ತವೆ.

ಗುಟ್ಟು ಇರುವುದು ಸತ್ತ ಆ ಬಿಷಪ್‌ನಲ್ಲಿ. ಅದು ಬಿಳಿ ಮನೆಗಳಲ್ಲಿ ಓಡಾಡುತ್ತಿತ್ತು. ಈಗ ಕಾಸ್ಪರೋವ್‌ರ ಪಾನ್ ಇ5ರಲ್ಲಿದೆ, ಅದು ಕಪ್ಪು ಮನೆ. ಹಾಗಾಗಿ ಎಫ್5, ಇ6ರಂಥ ಬಿಳಿ ಮನೆಗಳಲ್ಲಿ ಕ್ರಾಮ್ನಿಕ್‌ರ ಕಾಯಿಗಳು ಆರಾಮವಾಗಿ ಕೂರುತ್ತವೆ. ಜೊತೆಗೆ ಅವರ ಎರಡೂ ಬಿಷಪ್ ಉಳಿದಿವೆ. ರಾಜ ನಡುವೆ ಸಿಕ್ಕಿಕೊಂಡಿದ್ದಾನೆ, ನಿಜ. ಆದರೆ ರಾಣಿ ಇಲ್ಲದೆ ಅವನನ್ನು ಹೆದರಿಸುವವರು ಯಾರು? ಆ ಆಟದಲ್ಲಿ ಅವನು ಹನ್ನೊಂದನೇ ನಡೆಗೆ ಸಿ8ಕ್ಕೆ ಹೋದ. ಎಫ್5ರ ಕುದುರೆ ಇ7, ಜಿ6 ಸುತ್ತಾಡಿ 25ನೇ ನಡೆಗೆ ಮತ್ತೆ ಎಫ್5ಕ್ಕೇ ಬಂತು!

ಬಿಳಿಗೆ ಆಸೆ ಇಲ್ಲ ಅಂತಲ್ಲ. ಎಂಟನೇ ನಡೆಯ ಸ್ಥಿತಿ ಇಟ್ಟು, ರಾಜ, ಪಾನ್ ಬಿಟ್ಟು ಮಿಕ್ಕಿದ್ದೆಲ್ಲ ತೆಗೆದು ಆಡಿ ನೋಡಿ. ರಾಜನ ಕಡೆ, ಅಂದರೆ ಬೋರ್ಡಿನ ಇ ಇಂದ ಎಚ್ ಸಾಲಿನವರೆಗಿನ ಅರ್ಧದಲ್ಲಿ, ಬಿಳಿಗೆ ನಾಲ್ಕು ಪಾನ್, ಕಪ್ಪಿಗೆ ಮೂರು. ಬಿಳಿ ಒಂದು ಪಾನ್ ಕೊನೆಯ ಮನೆಗೆ ದಾಟಿಸಿ ರಾಣಿ ಮಾಡಿಕೊಂಡು ಗೆಲ್ಲುತ್ತದೆ. ಇನ್ನೊಂದು ಕಡೆ ಕಪ್ಪಿಗೆ ನಾಲ್ಕಿದ್ದರೂ ಸಿ ಸಾಲಿನ ಜೋಡಿ ಪಾನ್‌ನಿಂದಾಗಿ ಆ ಕೆಲಸ ಆಗುವುದಿಲ್ಲ. ಆದರೆ ಅಷ್ಟೂ ಕಾಯಿಗಳನ್ನು ಬದಲಿಸಿಕೊಳ್ಳಲು ಕ್ರಾಮ್ನಿಕ್ ಬಿಡಬೇಕಲ್ಲ!

ಕಾಸ್ಪರೋವ್ ಆ ಪಂದ್ಯದಲ್ಲಿ ನಾಲ್ಕು ಸಲ ಇದೇ ಬರ್ಲಿನ್ ಎದುರಿಸಿದರು. ನಾಲ್ಕೂ ಡ್ರಾ. ದಾಳಿಯ ಆಟಗಾರ ರಾಣಿ ಇಲ್ಲದ ಆಟಕ್ಕೆ ಮತ್ತೆ ಮತ್ತೆ ಇಳಿದಿದ್ದು, ನನ್ನ ಪ್ರಕಾರ, ಸುಮ್ನೆ ಹಟ. ಒಂದೂ ಆಟ ಗೆಲ್ಲದೆ 6.5–8.5ರಿಂದ ಕಿರೀಟ ಕಳೆದುಕೊಂಡರು.

ಹಾಗಂತ ಬರ್ಲಿನ್ ಡ್ರಾ ಎಲ್ಲವೂ ಸಪ್ಪೆ ಅಲ್ಲ. 2013ರ ಚೆನ್ನೈ ವಿಶ್ವ ಚಾಂಪಿಯನ್‌ಶಿಪ್ ಪಂದ್ಯದ ನಾಲ್ಕನೇ ಆಟ ತೆಗೆದು ನೋಡಿ. ಆನಂದ್ ಬಿಳಿ, ಕಾರ್ಲ್‌ಸನ್ ಕಪ್ಪು. ಅಲ್ಲೂ ರಾಣಿಗಳು ಬೇಗ ಹೋದವು, ಅದೂ ಡ್ರಾನೇ. ಆದರೆ ಅಲ್ಲಿಗೆ ತಲುಪಲು ಇಬ್ಬರೂ 64 ನಡೆ ಬೆವರು ಹರಿಸಿದರು.