ರೇನ್‌ಕೋಟ್ ಮೆತ್ತಗಿರೋದು ಯಾತರಿಂದ?

ಜೂನ್ ಬಂತೆಂದು ನಮ್ಮ ಡೊಂಬಿವಲಿ ಮನೆಯ ಅಟ್ಟದಿಂದ ಮಗಳ ಹಳೇ ರೇನ್‌ಕೋಟ್ ಇಳಿಸಿದೆ. ಹಪ್ಪಳದ ಹಾಗೆ ಗಡುಸಾಗಿತ್ತು. ಮಡಿಕೆ ಬಿಡಿಸಿದ ಕೂಡಲೇ ಸೀಳಿತು, ಬೆರಳಿಗೆ ಜಿಡ್ಡು ಅಂಟಿತು.

ಇಂಥ ರೇನ್‌ಕೋಟ್ ಪಿವಿಸಿ ಎಂಬ ಪ್ಲಾಸ್ಟಿಕ್ಕಿನದು. ಪಿವಿಸಿ ಹುಟ್ಟಾ ಪೈಪಿನಂತೆ ಬಿರುಸು. 1926ರಲ್ಲಿ ಅಮೆರಿಕದ ವಾಲ್ಡೊ ಸೆಮನ್ ಅದಕ್ಕೆ ಎಣ್ಣೆಯಂಥ ದ್ರವ ಬೆರೆಸಿ ಬಳುಕುವಂತೆ ಮಾಡಿದರು. ಮುಂದೆ ಈ ಕೆಲಸಕ್ಕೆ ಥಾಲೇಟ್ ಎಂಬ ಎಣ್ಣೆಯಂಥ ರಾಸಾಯನಿಕಗಳು ಬಂದವು, ಅದರಲ್ಲೂ ಡಿಇಎಚ್‌ಪಿ ಎಂಬುದು. ಇದು ಪ್ಲಾಸ್ಟಿಕ್ಕಿಗೆ ಗಟ್ಟಿಯಾಗಿ ಅಂಟಿಕೊಳ್ಳುವುದಿಲ್ಲ, ಸುಮ್ನೆ ನಡುವೆ ಸೇರಿಕೊಂಡಿರುತ್ತದೆ. ಬಿಸಿ ತಾಗಿದರೆ, ಕೊಬ್ಬು ತಾಗಿದರೆ ಹೊರಗೆ ಬರುತ್ತದೆ. (ಉಡುಪಿ ಹೋಟೆಲಿನ ಸಾಂಬಾರ್ ಕಟ್ಟಿಕೊಡುವ ಪಾಲಿಥೀನ್ ಚೀಲಕ್ಕೆ ಈ ಎಣ್ಣೆ ಬೇಕಿಲ್ಲ. ಅದರ ತೊಂದರೆಗಳು ಬೇರೆ.)

ರಕ್ತ ತುಂಬುವ ಚೀಲಗಳೂ ಮೆತ್ತನೆಯ ಪಿವಿಸಿಯವೇ. ಚೀಲದಿಂದ ರಕ್ತಕ್ಕೆ ಡಿಇಎಚ್‌ಪಿ ಇಳಿಯುತ್ತದೆ ಎಂದು 1970ರಲ್ಲೇ ಜೇಗರ್ ಮತ್ತು ರೂಬಿನ್ ಎಂಬ ವಿಜ್ಞಾನಿಗಳು ತೋರಿಸಿದರು.

ಊಟದ ಜೊತೆ ಹೊಟ್ಟೆಗೆ ಹೋದ ಡಿಇಎಚ್‌ಪಿ ಕರುಳಲ್ಲಿ ಒಡೆದು ಎಂಇಎಚ್‌ಪಿ ಎಂಬ ಇನ್ನೊಂದು ರಾಸಾಯನಿಕ ಆಗುತ್ತದೆ. ಲಿವರ್ ಕೋಶದೊಳಗೆ ಶಕ್ತಿ ತಯಾರಿಸುವ ಪುಟ್ಟ ಭಾಗಗಳಾದ ಮೈಟೊಕಾಂಡ್ರಿಯಾಗಳಿಗೆ ಇದರ ಬಿಸಿ ತಟ್ಟುತ್ತದೆ. ನಮ್ಮ ಬಿಲ್ಡಿಂಗಿನ ಟ್ಯಾಂಕ್ ನೆನೆಸಿಕೊಳ್ಳಿ. ಪಂಪು ನೀರನ್ನು ಮೇಲಕ್ಕೆ ತಳ್ಳುತ್ತದೆ, ಆ ಒತ್ತಡದಲ್ಲಿ ನಲ್ಲಿ ಜೋರಾಗಿ ಬರುತ್ತದೆ. ಮೈಟೊಕಾಂಡ್ರಿಯಾ ಪ್ರೋಟಾನ್ ಎಂಬ ಕಣಗಳನ್ನು ಹೀಗೇ ಪೊರೆಯ ಆಚೆ ತಳ್ಳಿ, ಅವು ಮರಳಿ ನುಗ್ಗುವ ರಭಸದಲ್ಲಿ ಎಟಿಪಿ ಮಾಡುತ್ತದೆ. ಕೋಶಕ್ಕೆ ಅದೇ ಇಂಧನ. 1970-80ರ ದಶಕಗಳಲ್ಲಿ ಇಲಿಯ ಲಿವರಿನಿಂದ ತೆಗೆದ ಮೈಟೊಕಾಂಡ್ರಿಯಾಗಳಿಗೆ ಥಾಲೇಟ್ ಬೆರೆಸಿ ನೋಡಿದರು. ಪೊರೆ ಸೋರತೊಡಗಿತು. ಪಂಪು ಓಡುತ್ತಲೇ ಇದೆ, ಕರೆಂಟು ಖರ್ಚಾಗುತ್ತಿದೆ, ನಲ್ಲಿಯಲ್ಲಿ ನೀರಿಲ್ಲ!

1982ರಲ್ಲಿ ಅಮೆರಿಕದ ಸರ್ಕಾರಿ ಅಧ್ಯಯನವೊಂದರಲ್ಲಿ ಡಿಇಎಚ್‌ಪಿ ತಿಂದ ಇಲಿಗಳ ಲಿವರಿನಲ್ಲಿ ಗಡ್ಡೆ ಕಂಡವು. ಇಲಿಗೆ ಆದದ್ದು ಮನುಷ್ಯನಿಗೂ ಆಗುತ್ತದೆಯೇ ಎಂಬ ವಾದ ಶುರುವಾಯಿತು. ಇಲಿಗೆ ಕೊಟ್ಟ ಪ್ರಮಾಣ ನಮ್ಮ ಊಟದಲ್ಲಿ ಬರುವುದಕ್ಕಿಂತ ತುಂಬಾ ಜಾಸ್ತಿ, ನಿಜ. ಗಡ್ಡೆಗೆ ದಾರಿ ಮಾಡುವ ಪಿಪಿಎಆರ್-ಆಲ್ಫಾ ಎಂಬ ಪ್ರೋಟೀನ್ ಮನುಷ್ಯರ ಲಿವರಿನಲ್ಲಿ ಅಷ್ಟು ಜೋರಾಗಿ ಕೆಲಸ ಮಾಡುವುದಿಲ್ಲ ಎಂಬುದೂ ನಿಜ. ಇದೇ ಕಾರಣಕ್ಕೆ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2000ದಲ್ಲಿ ಡಿಇಎಚ್‌ಪಿಯನ್ನು ತನ್ನ ಕ್ಯಾನ್ಸರ್ ಪಟ್ಟಿಯಲ್ಲಿ ಕೆಳಗಿನ ಗುಂಪಿಗೆ ಇಳಿಸಿತು. 2011ರಲ್ಲಿ 'ಕ್ಯಾನ್ಸರ್ ತರುವ ಸಾಧ್ಯತೆ ಇದೆ' ಎಂಬ ಗುಂಪಿಗೆ ಮತ್ತೆ ಏರಿಸಿತು. ನನಗೆ ಸಂಕಟ ಆಗೋದು ಇಲ್ಲೇ. ಮಾತೆಲ್ಲ ಗಡ್ಡೆಯ ಸುತ್ತಲೇ ನಡೆಯಿತು. ಗಡ್ಡೆ ಆಗದಿದ್ದರೂ ಕೋಶ ದಣಿಯಬಹುದು, ಅಲ್ವಾ?

ಮಕ್ಕಳು ಬಾಯಿಗೆ ಹಾಕುವ ಆಟಿಕೆಗಳಲ್ಲಿ ಥಾಲೇಟ್‌ಗಳಿಗೆ ಯುರೋಪ್ 1999ರಲ್ಲಿ ತಡೆ ಹಾಕಿತು. ನಮ್ಮಲ್ಲಿ 2021ರಿಂದ ಆಟಿಕೆಗೆ ಬಿಐಎಸ್ (ಸರ್ಕಾರದ ಗುಣಮಟ್ಟ ಸಂಸ್ಥೆ) ಗುರುತು ಕಡ್ಡಾಯ, ಅದರಲ್ಲಿ ಥಾಲೇಟ್ ಮಿತಿಯೂ ಇದೆ. ರೇನ್‌ಕೋಟ್ ಆಟಿಕೆಯಲ್ಲವಲ್ಲ, ಅದಕ್ಕೆ ಆ ನಿಯಮ ತಾಗುವುದಿಲ್ಲ. ದಾದರಿನ ಫುಟ್‌ಪಾತ್‌ನಲ್ಲಿ ಹೊಸದರ ಚೀಟಿ ತಿರುವಿ ತಿರುವಿ ನೋಡಿದೆ. ಸೈಜು ಮಾತ್ರ ಬರೆದಿತ್ತು.